ವೈದ್ಯರ ಮುಂದೆ ಬೀಡಿಯ ಲೆಕ್ಕ ಮುಚ್ಚಿಡಬೇಡಿ

"ಬೀಡಿ, ಸಿಗರೇಟು ಏನರ ಸೇದ್ತೀರೇನ್ರೀ?"

"ಇಲ್ರೀ ಸಾಹೇಬ್ರ, ಬಿಟ್ಟೀನಿ."

"ಬಿಟ್ಟು ಎಷ್ಟು ದಿನ ಆತು?"

"ನಿನ್ನೆ ಸಂಜಿಗೆ ಬಿಟ್ಟೀನ್ರೀ."

ಓದಿದವರಿಗೆ ನಗು ಬರಬಹುದು. ವಿದ್ಯಾನಗರದ ನನ್ನ ದವಾಖಾನೆಯಲ್ಲಿ ವಾರಕ್ಕೊಮ್ಮೆಯಾದರೂ ನಡೆಯುವ ಮಾತುಕತೆ ಇದು. ಹೀಗೆ ಹೇಳುವವರು ಮೋಸಗಾರರಲ್ಲ. ಡಾಕ್ಟರು ಬೈದಾರೆಂಬ ಹೆದರಿಕೆ, ಪಕ್ಕದಲ್ಲಿ ಕುಳಿತ ಮಗಳ ಮುಂದೆ ನಾಚಿಕೆ, ಇವೆರಡರ ನಡುವೆ ತಪ್ಪಿಸಿಕೊಳ್ಳಲು ಒಂದು ಸಣ್ಣ ದಾರಿ ಹುಡುಕಿಕೊಂಡಿರುತ್ತಾರೆ, ಅಷ್ಟೆ.

ಆದರೆ ಆ ಸಣ್ಣ ದಾರಿ ಕೆಲವು ಸಲ ದೊಡ್ಡ ಅಪಾಯಕ್ಕೆ ಒಯ್ಯುತ್ತದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಂತೂ ಎಷ್ಟು ಸೇದಿದಿರಿ, ಎಷ್ಟು ವರ್ಷ ಸೇದಿದಿರಿ, ಯಾವಾಗ ಬಿಟ್ಟಿರಿ ಎಂಬುದು ರೋಗ ಪತ್ತೆಯಿಂದ ಹಿಡಿದು ಗುಳಿಗೆಯ ಪ್ರಮಾಣದವರೆಗೆ ಪ್ರತಿ ಹೆಜ್ಜೆಗೂ ಬೇಕಾಗುವ ಮಾಹಿತಿ. ಅದನ್ನು ಹೇಳುವುದು ತಪ್ಪೊಪ್ಪಿಗೆಯಲ್ಲ. ರಕ್ತದೊತ್ತಡ, ಸಕ್ಕರೆ, ತೂಕ ಇವುಗಳಂತೆ ಅದೂ ಒಂದು ಅಳತೆ. ಈ ವಾರ ನಿಮ್ಮಲ್ಲಿ ಕೇಳಿಕೊಳ್ಳುವುದು ಎರಡೇ ಮಾತು. ಸೇದಿದ ಲೆಕ್ಕವನ್ನು ವೈದ್ಯರಿಗೆ ಸರಿಯಾಗಿ ಹೇಳಿ. ರೋಗ ಬಂದ ಮೇಲೆ ಬಿಟ್ಟು ಪ್ರಯೋಜನವಿಲ್ಲ ಎಂಬ ಮಾತನ್ನು ನಂಬಬೇಡಿ.

ನಾನು ಬರೆದ ಒಂದು ತಪ್ಪು ಶಬ್ದ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಿವೃತ್ತ ಮಾಸ್ತರರೊಬ್ಬರು ಕೆಮ್ಮು ಎಂದು ಬಂದರು. ಬಿಳಿ ಅಂಗಿ, ಬಿಳಿ ಧೋತರ, ಮೆಲುಮಾತು. ಜೊತೆಗೆ ಸೊಸೆ ಬಂದಿದ್ದರು. ಅವರ ವಯಸ್ಸಿಗೂ ಹುದ್ದೆಗೂ ಗೌರವ ಕೊಡುವವನಂತೆ, "ಸರ್, ನಿಮಗ ಸೇದೋ ಚಟ ಅಂತೂ ಇಲ್ಲಲ್ರೀ?" ಎಂದು ಕೇಳಿದೆ. ಪ್ರಶ್ನೆಯಲ್ಲೇ ಉತ್ತರವಿತ್ತು. ಅವರು ಇಲ್ಲವೆಂದು ತಲೆಯಾಡಿಸಿದರು. ಕೇಸ್ ಪೇಪರಿನಲ್ಲಿ ‘ಧೂಮಪಾನ: ಇಲ್ಲ’ ಎಂದು ಬರೆದೆ.

ಮಳೆಗಾಲದ ಕೆಮ್ಮು ಎಂದು ಔಷಧ ಕೊಟ್ಟೆ. ಎರಡು ವಾರ ಬಿಟ್ಟು ಬಂದರು, ಔಷಧ ಬದಲಿಸಿದೆ. ಹೀಗೆ ಎರಡು ತಿಂಗಳು ಕಳೆಯಿತು. ಕಫದಲ್ಲಿ ರಕ್ತದ ಎಳೆ ಕಂಡಾಗ ಎಕ್ಸ್-ರೇ ತೆಗೆಸಿದೆ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು ಇತ್ತು.

ಕ್ಯಾನ್ಸರ್ ಎಂದು ಖಚಿತವಾದ ಮರುದಿನ ಅವರ ಹೆಂಡತಿ ಒಬ್ಬರೇ ಬಂದರು. "ದಿನಾ ಒಂದು ಪಾಕೀಟು ಸೇದ್ತಾರ್ರೀ, ಮೂವತ್ತೈದು ವರ್ಷ ಆತು. ಹಿತ್ತಲದಾಗ ನಿಂತು ಸೇದ್ತಾರ. ಅವತ್ತ ಸೊಸಿ ಮುಂದ ಹೆಂಗ ಹೇಳಬೇಕ್ರೀ?" ಎಂದರು.

ಎರಡು ತಿಂಗಳು ಮೊದಲೇ ಎಕ್ಸ್-ರೇ ತೆಗೆಸಿದ್ದರೆ ಏನಾಗುತ್ತಿತ್ತು ಎಂದು ಹೇಳಲಾರೆ. ಆದರೆ ಮೂವತ್ತೈದು ವರ್ಷ ಸೇದಿದ ಹಿರಿಯರ ಕೆಮ್ಮಿಗೆ ಎಕ್ಸ್-ರೇ ಇಲ್ಲದೆ ಔಷಧ ಬದಲಿಸುತ್ತ ಕೂರಬಾರದಿತ್ತು ಎಂಬುದು ಮಾತ್ರ ಖಂಡಿತ. ಸುಳ್ಳು ಅವರದೇ ಇರಬಹುದು, ಆ ಸುಳ್ಳಿಗೆ ಬಾಗಿಲು ತೆರೆದವನು ನಾನು.

ಅಂದಿನಿಂದ ಪ್ರಶ್ನೆಯನ್ನು ಬದಲಿಸಿದ್ದೇನೆ. ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, "ದಿನಕ್ಕ ಎಷ್ಟು ಆಗ್ತಾವ್ರೀ?" ಎಂದು ಸಹಜವಾಗಿ ಕೇಳುತ್ತೇನೆ. ಸೇದದವರು ನಕ್ಕುಬಿಡುತ್ತಾರೆ. ಸೇದುವವರು ಲೆಕ್ಕ ಹೇಳುತ್ತಾರೆ.

ಲೆಕ್ಕ ಹಾಕುವ ಬಗೆ

ವೈದ್ಯರ ಪುಸ್ತಕಗಳಲ್ಲಿ ಸಿಗರೇಟಿಗೆ ‘ಪ್ಯಾಕ್-ವರ್ಷ’ ಎಂಬ ಲೆಕ್ಕವಿದೆ. ದಿನಕ್ಕೆ 20 ಸಿಗರೇಟಿನ ಒಂದು ಪಾಕೀಟು ಒಂದು ವರ್ಷ ಸೇದಿದರೆ ಅದು ಒಂದು ಪ್ಯಾಕ್-ವರ್ಷ. ಹತ್ತು ಸಿಗರೇಟಿನಂತೆ 30 ವರ್ಷ ಸೇದಿದವರದು 15 ಪ್ಯಾಕ್-ವರ್ಷ.

ಆದರೆ ನಮ್ಮಲ್ಲಿ ಸಿಗರೇಟಿಗಿಂತ ಬೀಡಿಯೇ ಹೆಚ್ಚು. 2016–17ರಲ್ಲಿ ನಡೆದ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 7.7 ಮಂದಿ ಬೀಡಿ, 4 ಮಂದಿ ಸಿಗರೇಟು ಸೇದುತ್ತಿದ್ದರು. ಆದ್ದರಿಂದ ನಮ್ಮ ವೈದ್ಯರು ಇನ್ನೂ ಸರಳವಾದ ಲೆಕ್ಕವನ್ನು ಬಳಸುತ್ತಾರೆ. ದಿನಕ್ಕೆ ಸೇದುವ ಸಂಖ್ಯೆಯನ್ನು ಸೇದಿದ ವರ್ಷಗಳಿಂದ ಗುಣಿಸಿದರಾಯಿತು. ದಿನಕ್ಕೆ 25 ಬೀಡಿಯಂತೆ 30 ವರ್ಷ ಎಂದರೆ 750. ಈ ಅಂಕಿ 300 ದಾಟಿದರೆ ಹೆಚ್ಚು ಸೇದುವವರು ಎಂದು ಎಣಿಸುತ್ತೇವೆ.

"ಬೀಡಿ ಸಣ್ಣದ್ರೀ, ಅದರಾಗ ತಂಬಾಕು ಎಷ್ಟಿರತದ?" ಎಂದು ವಾದಿಸುವವರಿದ್ದಾರೆ. ತಂಬಾಕು ಕಡಿಮೆ ಎಂಬುದು ನಿಜ. ಆದರೆ ತೆಂಡು ಎಲೆಯಲ್ಲಿ ಸುತ್ತಿದ ಬೀಡಿ ಬೇಗ ಆರುತ್ತದೆ. ಅದನ್ನು ಆರದಂತೆ ಇಟ್ಟುಕೊಳ್ಳಲು ಮತ್ತೆ ಮತ್ತೆ, ಜೋರಾಗಿ ದಮ್ಮು ಎಳೆಯಬೇಕಾಗುತ್ತದೆ. ಹಾಗಾಗಿ ಡಾಂಬರಿನಂಥ ಅಂಟುಪದಾರ್ಥವೂ ಇಂಗಾಲದ ಮಾನಾಕ್ಸೈಡೂ ಧಾರಾಳವಾಗಿಯೇ ಒಳಗೆ ಹೋಗುತ್ತವೆ. ಬೀಡಿಗೆ ರಿಯಾಯಿತಿ ಇಲ್ಲ.

ಬಿಟ್ಟು ಹತ್ತು ವರ್ಷವಾಗಿದ್ದರೂ ಹಳೆಯ ಲೆಕ್ಕ ಹೇಳಬೇಕು. ಬಿಟ್ಟ ಮೇಲೆ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಆದರೆ ಪೂರ್ತಿ ಅಳಿಸಿಹೋಗುವುದಿಲ್ಲ.

ಕೆಮ್ಮೆಲ್ಲ ಕ್ಷಯವಲ್ಲ

ನಮ್ಮ ದೇಶದಲ್ಲಿ ಕ್ಷಯ ಇನ್ನೂ ಹೆಚ್ಚಾಗಿದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು ಎಂಬ ಸಲಹೆ ಸರಿಯಾದದ್ದೇ. ತೊಂದರೆ ಆಗುವುದು ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಎಕ್ಸ್-ರೇಯ ನೆರಳನ್ನೇ ನಂಬಿ ಕ್ಷಯದ ಗುಳಿಗೆ ಶುರುಮಾಡಿ, ತಿಂಗಳುಗಟ್ಟಲೆ ಕಾಯುವಾಗ. ಕ್ಷಯ, ಕ್ಯಾನ್ಸರ್ ಎರಡರಲ್ಲೂ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಇದ್ದೇ ಇರುತ್ತವೆ. ಎಕ್ಸ್-ರೇಯ ನೆರಳೂ ಒಮ್ಮೊಮ್ಮೆ ಒಂದೇ ತರಹ ಕಾಣುತ್ತದೆ.

ಇಲ್ಲಿ ಬೀಡಿಯ ಲೆಕ್ಕವೇ ದಾರಿ ತೋರಿಸುತ್ತದೆ. ಹೆಚ್ಚು ಸೇದಿದವರಲ್ಲಿ ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ, ಅಥವಾ ಕ್ಷಯದ ಚಿಕಿತ್ಸೆ ಶುರುವಾಗಿ ಒಂದೆರಡು ತಿಂಗಳಾದರೂ ನೆರಳು ಕರಗದಿದ್ದರೆ, ಸಿ.ಟಿ. ಸ್ಕ್ಯಾನ್ ಮತ್ತು ಬಯಾಪ್ಸಿಯ ಮಾತನ್ನು ಮುಂದಕ್ಕೆ ಹಾಕಬಾರದು. ದೇಶದ ಕ್ಯಾನ್ಸರ್ ನೋಂದಣಿ ದಾಖಲೆಗಳ ಪ್ರಕಾರ, ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಆಸ್ಪತ್ರೆಗೆ ಬರುವಾಗಲೇ ರೋಗ ದೇಹದ ಬೇರೆ ಭಾಗಗಳಿಗೆ ಹರಡಿರುತ್ತದೆ. ಕಳೆದುಹೋಗುವ ಒಂದೊಂದು ತಿಂಗಳಿಗೂ ಬೆಲೆಯಿದೆ.

ಸೇದುವವರಿಗೆ ಹೇಗೂ ಕೆಮ್ಮು ಇದ್ದೇ ಇರುತ್ತದೆ. ಆ ಹಳೆಯ ಕೆಮ್ಮಿನ ಸ್ವರೂಪ ಬದಲಾದರೆ, ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ಕಫದಲ್ಲಿ ರಕ್ತದ ಒಂದು ಎಳೆ ಕಂಡರೂ ತಡಮಾಡಬೇಡಿ.

ಶಸ್ತ್ರಚಿಕಿತ್ಸೆ, ವಿಕಿರಣ, ಗುಳಿಗೆ

ರೋಗ ಬೇಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯೇ ಒಳ್ಳೆಯ ಮಾರ್ಗ. ಬಲ ಶ್ವಾಸಕೋಶದಲ್ಲಿ ಮೂರು, ಎಡದಲ್ಲಿ ಎರಡು ಹಾಲೆಗಳಿವೆ. ಗಡ್ಡೆಯಿರುವ ಹಾಲೆಯನ್ನು ತೆಗೆದುಹಾಕುತ್ತಾರೆ. ಹಾಗೆ ತೆಗೆದ ಮೇಲೆ ಉಳಿದ ಹಾಲೆಗಳು ದೇಹಕ್ಕೆ ಸಾಕಾಗಬೇಕು. ವರ್ಷಗಟ್ಟಲೆ ಸೇದಿದವರಲ್ಲಿ ಉಳಿದ ಭಾಗವೂ ದಮ್ಮಿನ ರೋಗದಿಂದ ಸೊರಗಿರುತ್ತದೆ. ಕೊಳವೆಯೊಳಗೆ ಜೋರಾಗಿ ಊದಿಸಿ ಉಸಿರಿನ ಶಕ್ತಿ ಅಳೆಯುವುದು ಇದಕ್ಕಾಗಿಯೇ. ಗಡ್ಡೆ ಚಿಕ್ಕದಿದ್ದರೂ ಉಸಿರಿನ ಶಕ್ತಿ ಸಾಲದೆಂದು ಶಸ್ತ್ರಚಿಕಿತ್ಸೆಯನ್ನು ಕೈಬಿಡಬೇಕಾದ ಸಂದರ್ಭಗಳಿವೆ. ನಮ್ಮ ಮಾಸ್ತರರ ವಿಷಯದಲ್ಲಿ ಹಾಗೆಯೇ ಆಯಿತು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನದವರೆಗೂ ಸೇದಿದವರಿಗೆ ನ್ಯುಮೋನಿಯಾ ಆಗುವ, ಗಾಯ ತಡವಾಗಿ ಮಾಯುವ ಸಂಭವ ಹೆಚ್ಚು. ನಾಲ್ಕು ವಾರ ಮೊದಲೇ ಬಿಟ್ಟಿದ್ದರೆ ಬಹಳ ಒಳ್ಳೆಯದು. ಹಾಗೆಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಿಲ್ಲ, ತಿಳಿದ ದಿನವೇ ಬಿಟ್ಟರಾಯಿತು.

ವಿಕಿರಣ ಚಿಕಿತ್ಸೆಗೆ ಆಮ್ಲಜನಕದ ನೆರವು ಬೇಕು. ಗಡ್ಡೆಯೊಳಗೆ ಆಮ್ಲಜನಕ ಕಡಿಮೆಯಿದ್ದರೆ ಕಿರಣಗಳ ಪೆಟ್ಟು ಮೆತ್ತಗಾಗುತ್ತದೆ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್, ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಕಿರಣ ಕೊಡಿಸಿಕೊಂಡು ಬಂದು ಆಸ್ಪತ್ರೆಯ ಗೇಟಿನ ಹೊರಗೆ ಬೀಡಿ ಹಚ್ಚಿದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಸಮಾಧಾನದ ಸಂಗತಿಯೆಂದರೆ, ಸೇದುವುದನ್ನು ನಿಲ್ಲಿಸಿದ ಒಂದೆರಡು ದಿನದಲ್ಲೇ ಈ ವಿಷಾನಿಲದ ಬಹುಪಾಲು ರಕ್ತದಿಂದ ಹೊರಟುಹೋಗುತ್ತದೆ.

ಗುಳಿಗೆಗಳ ಕಥೆ ಇನ್ನೂ ವಿಚಿತ್ರ. ಹೊಗೆಯಲ್ಲಿನ ಕೆಲವು ರಾಸಾಯನಿಕಗಳು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಆಗ ಯಕೃತ್ತು ಕೆಲವು ಔಷಧಗಳನ್ನು ಬೇಗಬೇಗನೆ ಕರಗಿಸಿ ಹೊರಹಾಕುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಎರ್ಲೋಟಿನಿಬ್ ಎಂಬ ಗುಳಿಗೆ ಇಂಥದ್ದು. ಸೇದುವವರ ರಕ್ತದಲ್ಲಿ ಇದರ ಪ್ರಮಾಣ ಸೇದದವರಲ್ಲಿ ಇರುವುದರ ಅರ್ಧಕ್ಕೂ ಇಳಿಯಬಹುದು. ಕದ್ದು ಸೇದುವ ರೋಗಿ ದುಬಾರಿ ಗುಳಿಗೆಯನ್ನು ಪೂರ್ತಿ ನುಂಗಿದರೂ ಅರ್ಧ ಗುಳಿಗೆಯ ಗುಣವನ್ನಷ್ಟೇ ಪಡೆದಿರುತ್ತಾನೆ. "ಔಷಧ ಹತ್ತಲಿಲ್ಲ" ಎಂದು ವೈದ್ಯರು ತಿಳಿಯುತ್ತಾರೆ, ಹತ್ತದಂತೆ ಮಾಡಿದ್ದು ಬೀಡಿ.

ದಮ್ಮಿಗೆ ನಾವು ಕೊಡುವ ಥಿಯೋಫಿಲಿನ್ ಗುಳಿಗೆಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಸೇದುವಾಗ ಸರಿಹೊಂದಿದ್ದ ಪ್ರಮಾಣ, ಸೇದುವುದನ್ನು ಬಿಟ್ಟ ಮೇಲೆ ಹೆಚ್ಚಾಗಿ ವಾಕರಿಕೆ, ಎದೆಬಡಿತ ಶುರುವಾಗಬಹುದು. ಬಿಟ್ಟದ್ದರಿಂದಲೇ ಹೀಗಾಯಿತು ಎಂದು ಮತ್ತೆ ಬೀಡಿ ಹಿಡಿಯುವುದಲ್ಲ, ಗುಳಿಗೆಯ ಪ್ರಮಾಣ ಇಳಿಸಬೇಕು. ಬಿಟ್ಟಿರೆಂದು ತಿಳಿದರೆ ತಾನೇ ವೈದ್ಯರು ಇಳಿಸುವುದು?

ಸೇದದವರಿಗೂ ಬರುತ್ತದೆ

ಒಂದೂ ಬೀಡಿ ಮುಟ್ಟದ ಹೆಣ್ಣುಮಕ್ಕಳಿಗೂ ಈ ರೋಗ ಬರುತ್ತದೆ. ಗಂಡ ಅಥವಾ ತಂದೆ ಸೇದಿದ ಹೊಗೆ, ಕಟ್ಟಿಗೆ ಒಲೆಯ ಹೊಗೆ ಇದಕ್ಕೆ ಗೊತ್ತಿರುವ ಕಾರಣಗಳಲ್ಲಿ ಸೇರಿವೆ. ಎಷ್ಟೋ ಜನರಲ್ಲಿ ಕಾರಣವೇ ತಿಳಿಯುವುದಿಲ್ಲ. "ನೀವು ಸೇದೋದಿಲ್ಲ, ನಿಮಗೆ ಕ್ಯಾನ್ಸರ್ ಬರಲಾರದು" ಎಂದು ಅಂಥವರ ಕೆಮ್ಮನ್ನು ತಳ್ಳಿಹಾಕುವುದು ನನ್ನ ಮಾಸ್ತರರ ವಿಷಯದಲ್ಲಿ ಆದ ತಪ್ಪಿನ ಇನ್ನೊಂದು ರೂಪ.

ಸೇದದವರ ಗಡ್ಡೆಯಲ್ಲಿ ಇ.ಜಿ.ಎಫ್.ಆರ್., ಎ.ಎಲ್.ಕೆ. ಮುಂತಾದ ವಂಶವಾಹಿಗಳಲ್ಲಿ ಬದಲಾವಣೆ ಹೆಚ್ಚಾಗಿ ಸಿಗುತ್ತದೆ. ಸಿಕ್ಕರೆ ಗೆಫಿಟಿನಿಬ್, ಒಸಿಮರ್ಟಿನಿಬ್‌ನಂಥ ಗುಳಿಗೆಗಳಿಂದ ಚಿಕಿತ್ಸೆ ಸಾಧ್ಯ. ದೇಹದ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಇಮ್ಯುನೊಥೆರಪಿ ಎಂಬ ಹೊಸ ಚಿಕಿತ್ಸೆ, ಸೇದಿದವರ ಗಡ್ಡೆಗೇ ಎಷ್ಟೋ ಸಲ ಚೆನ್ನಾಗಿ ಹತ್ತುತ್ತದೆ. ಹೊಗೆಯಿಂದ ಹಾಳಾದ ಜೀವಕೋಶಗಳಲ್ಲಿ ಬದಲಾವಣೆಗಳು ಹೆಚ್ಚಿರುವುದರಿಂದ ದೇಹ ಅವನ್ನು ಶತ್ರುವೆಂದು ಸುಲಭವಾಗಿ ಗುರುತಿಸುತ್ತದೆ. ಇದನ್ನು ಸೇದಲು ಸಿಕ್ಕ ಪರವಾನಗಿ ಎಂದು ತಿಳಿಯಬೇಡಿ! ಇಷ್ಟು ಮಾತ್ರ ನೆನಪಿಡಿ: ಸೇದಿದವರಾಗಲಿ ಸೇದದವರಾಗಲಿ, ಗಡ್ಡೆಯ ವಂಶವಾಹಿ ಪರೀಕ್ಷೆ ಬೇಕೇ ಎಂದು ತಜ್ಞರನ್ನು ಕೇಳಿ. ಬೀಡಿಯ ಲೆಕ್ಕ ಪರೀಕ್ಷೆಗೆ ಜೊತೆಯೇ ಹೊರತು ಪರೀಕ್ಷೆಗೆ ಬದಲಿಯಲ್ಲ.

‘ಇನ್ನು ಬಿಟ್ಟು ಏನು ಉಪಯೋಗ?’

ಈ ಪ್ರಶ್ನೆಯನ್ನು ರೋಗಿಗಿಂತ ಹೆಚ್ಚಾಗಿ ಮನೆಯವರು ಕೇಳುತ್ತಾರೆ. "ಆಗೋದು ಆಗೇ ಹೋಗೇದ. ಇರೋ ತನಕ ಸೇದಲಿ ಬಿಡ್ರೀ" ಎನ್ನುತ್ತಾರೆ. ಅದು ಪ್ರೀತಿಯ ಮಾತೇ. ಆದರೆ ಆ ಪ್ರೀತಿ ರೋಗಿಯ ಆಯುಷ್ಯವನ್ನು ಕಡಿಮೆ ಮಾಡಬಹುದು.

ರಷ್ಯಾದ ಮಾಸ್ಕೋದಲ್ಲಿ ಸೇದುತ್ತಿದ್ದ 517 ಮಂದಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ವರ್ಷಗಳ ಕಾಲ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರದೂ ಆರಂಭದ, ಅಂದರೆ ದೂರದ ಅಂಗಗಳಿಗೆ ಹರಡದ ಕ್ಯಾನ್ಸರ್. ರೋಗ ಗೊತ್ತಾದ ಮೇಲೆ ಸೇದುವುದನ್ನು ಬಿಟ್ಟವರಲ್ಲಿ ನೂರಕ್ಕೆ ಸುಮಾರು 61 ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ಮುಂದುವರಿಸಿದವರಲ್ಲಿ ಸುಮಾರು 49 ಮಂದಿ. ಸರಾಸರಿಯಾಗಿ ಹೇಳುವುದಾದರೆ ಬಿಟ್ಟವರಿಗೆ ಒಂದು ವರ್ಷ ಹತ್ತು ತಿಂಗಳ ಆಯುಷ್ಯ ಹೆಚ್ಚು ಸಿಕ್ಕಿತು. ಬಿಡುವವರು ಬೇರೆ ವಿಷಯದಲ್ಲೂ ಪಥ್ಯ ಪಾಲಿಸುವವರೇ ಇರಬಹುದು ಎಂಬ ವಾದವಿದೆ, ಅದನ್ನು ಒಪ್ಪುತ್ತೇನೆ. ಆದರೂ ಇಷ್ಟು ಲಾಭ ತರಬಲ್ಲ ಹೊಸ ಗುಳಿಗೆಯೊಂದು ಬಂದಿದೆ ಎಂದರೆ ಹೊಲ ಮಾರಿಯಾದರೂ ಕೊಳ್ಳುತ್ತೇವೆ. ಇದಕ್ಕೆ ದುಡ್ಡು ಬೇಡ.

ಕೊನೆಯ ಹಂತಕ್ಕೆ ಬಂದ, ಹಾಸಿಗೆ ಹಿಡಿದವರನ್ನು ಬೀಡಿಗಾಗಿ ಪೀಡಿಸಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ನೋವು ಕಡಿಮೆ ಮಾಡುವುದೇ ಚಿಕಿತ್ಸೆ. ಆದರೆ ಒಂದು ಎಚ್ಚರಿಕೆ. ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಅಥವಾ ಯಂತ್ರ ಇಟ್ಟಿದ್ದರೆ ಆ ಕೋಣೆಯಲ್ಲಿ ಯಾರೂ ಬೀಡಿ ಹಚ್ಚಬಾರದು. ಆಮ್ಲಜನಕದ ಬಳಿ ಕಿಡಿ ಬಿದ್ದರೆ ಕ್ಷಣದಲ್ಲಿ ಬೆಂಕಿಯಾಗುತ್ತದೆ.

ಬೈಯುವುದು ಚಿಕಿತ್ಸೆಯಲ್ಲ

ನನ್ನ ವೃತ್ತಿಬಾಂಧವರಿಗೂ ಒಂದು ಮಾತು. ರೋಗಿಗಳು ಮುಚ್ಚಿಡುವುದನ್ನು ಕಲಿತದ್ದು ನಮ್ಮ ಬೈಗುಳದಿಂದ. "ಸೇದಿದಿರಿ, ಅನುಭವಿಸಿ" ಎಂಬ ಮಾತು ನಮ್ಮ ಬಾಯಿಂದ ಬರಬಾರದು. ನಮ್ಮ ಪಿ.ಬಿ. ರಸ್ತೆ ಹಿಡಿದು ಬೆಳಗಾವಿ ದಾಟಿ ಹೋದರೆ ನಿಪ್ಪಾಣಿ ಸಿಗುತ್ತದೆ. ಬೀಡಿ ತಂಬಾಕಿಗೆ ಹೆಸರಾದ ಊರು, 1981ರಲ್ಲಿ ತಂಬಾಕು ಬೆಳೆಗಾರರ ದೊಡ್ಡ ಚಳವಳಿ ಕಂಡ ಊರು. ಬೆಳೆಯುವವರಿಗೆ, ಸುತ್ತುವ ಹೆಣ್ಣುಮಕ್ಕಳಿಗೆ ಅದು ಹೊಟ್ಟೆಪಾಡು. ಮಾರುವವರಿಗೆ ಲಾಭ, ಸರಕಾರಕ್ಕೆ ತೆರಿಗೆ. ಇಷ್ಟೆಲ್ಲ ಕೈ ದಾಟಿ ಬಂದ ಬೀಡಿಯನ್ನು ಹದಿನಾರನೆಯ ವಯಸ್ಸಿಗೆ ಗೆಳೆಯರ ಜೊತೆ ಹಚ್ಚಿದವನೊಬ್ಬನ ತಲೆಯ ಮೇಲೇ ಎಲ್ಲ ಪಾಪವನ್ನೂ ಹೊರಿಸುವುದು ನ್ಯಾಯವಲ್ಲ.

"ಕಾಗದದಾಗ ಸೇದೋದು ಬರೀಬ್ಯಾಡ್ರೀ, ಇನ್ಶೂರೆನ್ಸ್ ಸಿಗೂದಿಲ್ಲ" ಎಂದು ಬೇಡಿಕೊಳ್ಳುವವರೂ ಇದ್ದಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಮೊದಲೇ ರೋಗವಿತ್ತೆಂದು ಅದನ್ನು ನಿರಾಕರಿಸುವುದಿಲ್ಲ. ಖಾಸಗಿ ವಿಮೆ ಮಾಡಿಸುವಾಗಲಂತೂ ಸೇದುವ ವಿಷಯವನ್ನು ಅರ್ಜಿಯಲ್ಲೇ ನಿಜ ಬರೆಯಿರಿ. ಮುಚ್ಚಿಟ್ಟಿದ್ದು ಆಮೇಲೆ ಹೊರಬಿದ್ದರೆ ತಕರಾರು ಹೆಚ್ಚು. ಕೇಸ್ ಪೇಪರಿನಲ್ಲಿ ಸುಳ್ಳು ಬರೆಸಿದರೆ ನಷ್ಟ ನಿಮ್ಮ ಶ್ವಾಸಕೋಶಕ್ಕೇ.

ಒಂದು ಚೀಟಿ ಬರೆದುಕೊಳ್ಳಿ

ಇಲ್ಲೇ ವಿದ್ಯಾನಗರದಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆಗೆ ಹೋಗುವಿರೋ, ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಂಗಳೂರಿನ ಕಿದ್ವಾಯಿಗೋ, ಎಲ್ಲಿಗೇ ಹೋದರೂ ಒಂದು ಚೀಟಿ ಜೊತೆಗಿರಲಿ. ಸೇದಲು ಶುರುಮಾಡಿದ ವಯಸ್ಸು, ಬೀಡಿಯೋ ಸಿಗರೇಟೋ, ದಿನಕ್ಕೆ ಎಷ್ಟು, ಎಷ್ಟು ವರ್ಷ, ಬಿಟ್ಟಿದ್ದರೆ ಯಾವ ತಿಂಗಳು, ನಡುವೆ ಬಿಟ್ಟು ಮತ್ತೆ ಹಿಡಿದದ್ದು, ಮನೆಯಲ್ಲಿ ಬೇರೆಯವರು ಸೇದುತ್ತಾರೆಯೇ, ಕಟ್ಟಿಗೆ ಒಲೆ ಇತ್ತೇ, ಮೊದಲು ಕ್ಷಯ ಆಗಿತ್ತೇ, ಈಗ ತೆಗೆದುಕೊಳ್ಳುವ ಗುಳಿಗೆಗಳು ಯಾವುವು ಎಂಬುದನ್ನು ಅದರಲ್ಲಿ ಬರೆಯಿರಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿಯನ್ನು ವೈದ್ಯರ ಕೈಗೆ ಕೊಟ್ಟರೆ ಸಾಕು.

ಬಿಡಲು ಒಬ್ಬರೇ ಒದ್ದಾಡಬೇಕಿಲ್ಲ. ಮೊದಲ ಕೆಲವು ದಿನ ಸಿಟ್ಟು, ನಿದ್ದೆಗೇಡು, ಚಡಪಡಿಕೆ ಹೆಚ್ಚಿರುತ್ತವೆ. ಮೂರು ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಸೇದಬೇಕೆಂಬ ತಹತಹ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿಗೆ ನೀರು ಕುಡಿಯಿರಿ, ಒಂದು ಸುತ್ತು ನಡೆದು ಬನ್ನಿ. ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಬಳಸಬಹುದು. ಗುಳಿಗೆಗಳನ್ನು ಬೇಗ ಹೊರಹಾಕಿಸುವುದು ಹೊಗೆಯೇ ಹೊರತು ಗಮ್ಮಿನಲ್ಲಿರುವ ನಿಕೋಟಿನ್ ಅಲ್ಲ. ಬೀಡಿ, ಸಿಗರೇಟಿನ ಪೊಟ್ಟಣಗಳ ಮೇಲೆ 2018ರಿಂದ ಅಚ್ಚಾಗುತ್ತಿರುವ 1800-11-2356 ಸಂಖ್ಯೆಗೆ ಫೋನು ಮಾಡಿದರೆ ಉಚಿತವಾಗಿ ಸಲಹೆ ಸಿಗುತ್ತದೆ. ಬೀಡಿ ಬಿಟ್ಟು ಗುಟಕಾ ಹಿಡಿಯುವುದು ಮಾತ್ರ ಬೇಡ. ಅದು ಒಂದು ಕ್ಯಾನ್ಸರಿನಿಂದ ಇನ್ನೊಂದಕ್ಕೆ ಮಾಡಿಕೊಂಡ ವರ್ಗಾವಣೆ.

ಮಾಸ್ತರರ ವಿಷಯ ಅರ್ಧಕ್ಕೇ ಬಿಟ್ಟಿದ್ದೆ. ರೋಗ ತಿಳಿದ ದಿನವೇ ಅವರು ಸಿಗರೇಟು ಬಿಟ್ಟರು. ಶಸ್ತ್ರಚಿಕಿತ್ಸೆ ಆಗಲಿಲ್ಲ, ಕಿಮೊಥೆರಪಿಯೂ ವಿಕಿರಣವೂ ಆದವು. ಮೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ತಿಂಗಳಿಗೊಮ್ಮೆ ಬರುತ್ತಿದ್ದರು. ಈಗ ಸೊಸೆಯನ್ನು ಹೊರಗೆ ಕೂರಿಸುವ ಅಗತ್ಯವಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, ಹಾಜರಿ ಕೂಗಿದಾಗ ಹುಡುಗರು ಉತ್ತರ ಕೊಡುವಂತೆ, "ಸೊನ್ನಿ ರೀ ಡಾಕ್ಟರ್" ಎಂದು ಹೇಳಿ ಕೂರುತ್ತಿದ್ದರು.

ನಿಮ್ಮ ಲೆಕ್ಕ ಸೊನ್ನೆಯೇ ಆಗಿರಬೇಕೆಂದಿಲ್ಲ. ಸರಿಯಾದ ಲೆಕ್ಕ ಹೇಳಿ. ಉಳಿದದ್ದನ್ನು ಅಲ್ಲಿಂದ ಶುರುಮಾಡೋಣ.